ಪ್ರಶಸ್ತಿಯೂ ದತ್ತಿಯೂ

ಕನ್ನಡ ಅಧ್ಯಾಪಕನಾದವನಿಗೆ ಪಾಠದ ಹೊರಗೆ ಊರವರು ವಹಿಸುವ ಕೆಲಸಗಳು ಕೆಲವುಂಟು. ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಿದ್ದಿಕೊಡುವುದು, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡುವುದು, ನಿವೃತ್ತರಾಗುವ ಹಿರಿಯರಿಗೆ ಬಿನ್ನವತ್ತಳೆಯನ್ನು ಸಿದ್ಧಪಡಿಸುವುದು, ಇವೇ ಮೊದಲಾದುವು. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಬರೆದ ಬಿನ್ನವತ್ತಳೆಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ದಪ್ಪ ಹೊತ್ತಗೆಯೇ ಆದೀತು. ಅದನ್ನು ಯಾರೂ ಓದಲಾರರು; ಓದಿದರೂ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವನ್ನು ಕಾಣಲಾರರು. ಎಲ್ಲರೂ ಸರಳ ಸಜ್ಜನರು, ಎಲ್ಲರೂ ನಿಸ್ವಾರ್ಥ ಸೇವಾಧುರಂಧರರು. ಹೊಗಳಿಕೆಯ ಈ ಹಳೆಯ ನಾಣ್ಯಗಳು ಕೈಯಿಂದ ಕೈಗೆ ಸವೆದು ಮುದ್ರೆಯೇ ಅಳಿಸಿಹೋಗಿವೆಯೆಂಬುದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಕಂಡುಕೊಂಡ ಬಗೆಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

2021ರ ಅಕ್ಟೋಬರ್ ತಿಂಗಳ ಒಂದು ಸಂಜೆ ಮಂಗಳೂರಿನ ಬಂದರಿನಲ್ಲಿ ಮೂಟೆ ಹೊರುವ ಕೆಲಸಗಾರರ ಒಂದು ಸಂಘದಿಂದ ಇಬ್ಬರು ನಮ್ಮ ಮನೆಗೆ ಬಂದರು. ಒಬ್ಬ ತರುಣ, ಇನ್ನೊಬ್ಬರು ಅರುವತ್ತು ದಾಟಿದವರು, ಬ್ಯಾರಿ ಹಿರಿಯರು. ಸಂಘದ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಬರೆಯಬಾರದೆಂದು ಅವರೇ ಹೇಳಿದ್ದಾರಾಗಿ ಬರೆಯುತ್ತಿಲ್ಲ. ಕುಳಿತುಕೊಳ್ಳಿರೆಂದರೂ ಸ್ವಲ್ಪ ಹೊತ್ತು ನಿಂತೇ ಇದ್ದು, ಹಿರಿಯರು ಮಾತು ತೆಗೆದರು: “ಮಾಸ್ಟ್ರೇ, ಸಂಘ ಸಂಸ್ಥೆಗಳಿಗೆ ಎಂಥದೋ ಪ್ರಶಸ್ತಿ ಕೊಡುವುದುಂಟಂತೆ. ಅರ್ಜಿ ಹಾಕುವ ಅಂತ ಹುಡುಗರು ಹೇಳ್ತಾರೆ. ನನಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಆಗುವುದಿಲ್ಲ. ನೀವು ಒಂದು ಬರೆದು ಕೊಡಬೇಕು.”

ತರುಣನು ಚೀಲದಿಂದ ಅರ್ಜಿಯ ನಮೂನೆಯನ್ನು ತೆಗೆದನು. ಸಂಸ್ಥೆಯ ಸಾಧನೆಗಳು, ಅದುವರೆಗೆ ಪಡೆದ ಪ್ರಶಸ್ತಿಗಳು, ಸಾರ್ವಜನಿಕ ಸೇವೆಗಾಗಿ ವೆಚ್ಚಮಾಡಿದ ಹಣ, ಪತ್ರಿಕೆಗಳಲ್ಲಿ ಬಂದ ವರದಿಗಳ ತುಣುಕು, ಭಾವಚಿತ್ರಗಳು, ಹೀಗೆ ಒಂದೊಂದಕ್ಕೆ ಒಂದೊಂದು ಚೌಕ. “ನೀವು ಮಾಡಿದ ಸೇವೆಯೇನು, ಕಾಕಾ?” ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಾಗೆ ಹೇಳುವಂಥದ್ದು ಏನಿಲ್ಲ ಮಾಸ್ಟ್ರೇ. ಇದರಲ್ಲಿ ಏನಾದರೂ ಉಂಟಾ ನೋಡಿ,” ಎಂದು ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಅದು ಸಂಘದ ಲೆಕ್ಕದ ಪುಸ್ತಕ.

ನಾನು ಅದನ್ನು ಅತ್ತಿತ್ತ ಮಗುಚಿ ನೋಡಿ ಬದಿಗಿರಿಸಿದೆ. ಅನಂತರ ನನಗೆ ಅಭ್ಯಾಸವಾಗಿದ್ದ ಧಾಟಿಯಲ್ಲಿ ಮೂರು ಪುಟ ಬರೆದೆ. ಶ್ರಮಸಂಸ್ಕೃತಿಯ ಹರಿಕಾರರು, ಬೆವರಿನ ಬೆಲೆಯನ್ನು ಬಲ್ಲವರು, ಸೌಹಾರ್ದದ ಸೇತುವೆಯಾದವರು ಎಂದೆಲ್ಲ ಬರೆದು, ಕೊನೆಯಲ್ಲಿ ನನಗೇ ಹಿತವಾಗುವಂತೆ ಒಂದು ಉಪಮೆಯನ್ನೂ ಹೊಂದಿಸಿದೆ. ಲೆಕ್ಕದ ಪುಸ್ತಕದಿಂದ ಒಂದು ಅಂಕೆಯನ್ನೂ ತೆಗೆದುಕೊಳ್ಳಲಿಲ್ಲ. ಅದರಿಂದ ಬರಹದ ಗಾಂಭೀರ್ಯಕ್ಕೆ ಕುಂದುಂಟಾದೀತೆಂದು ಬಗೆದೆ. ವರದಿಗಳ ತುಣುಕು ಅವರಲ್ಲಿ ಒಂದೂ ಇರಲಿಲ್ಲ. ಭಾವಚಿತ್ರವೆಂದರೆ ಸಂಘದ ಕೊಠಡಿಯ ಮುಂದೆ ಎಲ್ಲರೂ ಸೇರಿ ತೆಗೆಸಿಕೊಂಡ ಒಂದೇ ಒಂದು. ಪ್ರಶಸ್ತಿ ಬರಲಿಲ್ಲ.

ಸುದ್ದಿ ತಿಳಿದ ಮೇಲೆ ಹಿರಿಯರನ್ನು ಕಾಣಲೆಂದು ನಾನೇ ಬಂದರಿಗೆ ಹೋದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಚಹಾ ತರಿಸಿ, “ನೀವು ಬರೆದದ್ದನ್ನು ಮಗಳು ಓದಿ ಹೇಳಿದಳು. ಚಂದ ಉಂಟು. ಆದರೆ ಅದರಲ್ಲಿ ನಾವು ಎಲ್ಲಿ ಉಂಟು, ಮಾಸ್ಟ್ರೇ?” ಎಂದರು. ಆಕ್ಷೇಪದ ದನಿಯಿಂದಲ್ಲ, ತಿಳಿಯದ್ದನ್ನು ಬಲ್ಲವರಲ್ಲಿ ಕೇಳುವ ದನಿಯಿಂದ. ನನ್ನಲ್ಲಿ ಉತ್ತರವಿರಲಿಲ್ಲ.

* * *

ಪ್ರಶಸ್ತಿಯೆಂಬ ಮಾತಿಗೆ ಈಗ ನಾವು ಕೊಡುವ ಅರ್ಥ ಹೊಸದು. ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ಅದರೊಡನೆ ಒಂದಿಷ್ಟು ಹಣ. ಹಿಂದಿನವರಿಗೆ ಪ್ರಶಸ್ತಿಯೆಂದರೆ ಹೊಗಳಿಕೆ. ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದ ಸ್ತುತಿ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆಸಿದ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಎಂ.ಎ. ತರಗತಿಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ಐಹೊಳೆಯಿಂದ ಇನ್ನೊಂದು ಕೀರ್ತಿಯೂ ಹೊರಟಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘವು ಆ ಊರಿನ ಹೆಸರನ್ನು ಹೊತ್ತು ಹಲವು ಶತಮಾನಗಳ ಕಾಲ ದಕ್ಷಿಣ ಭಾರತದ ತುಂಬ ಓಡಾಡಿತು. ಕಡಲನ್ನು ದಾಟಿ ಸುಮಾತ್ರದವರೆಗೂ ಹೋಯಿತು. ಅಲ್ಲಿನ ಲೋಬು ತುವಾ ಎಂಬಲ್ಲಿ ದೊರೆತ 1088ರ ತಮಿಳು ಶಾಸನವು ಐನೂರ್ವರ ಹೆಸರನ್ನು ಹೇಳುತ್ತದೆ. ಒಂದು ಊರು, ಎರಡು ಬಗೆಯ ಪ್ರಶಸ್ತಿ: ಒಂದು ಅರಸನದು, ಇನ್ನೊಂದು ಸಂಘದ್ದು.

ಈ ವರ್ತಕ ಸಂಘಗಳ ಶಾಸನಗಳು ಹೊಗಳಿಕೆಯಲ್ಲಿ ಅರಸರ ಶಾಸನಗಳಿಗೆ ಹಿಂದೆಬೀಳುವುವಲ್ಲ. ವೀರಬಣಂಜು ಧರ್ಮದ ಪ್ರತಿಪಾಲಕರೆಂದು ತೊಡಗಿ ಬಿರುದುಗಳ ಸಾಲು ಉದ್ದಕ್ಕೆ ಹರಿಯುತ್ತದೆ. ಆದರೆ ಶಾಸನವು ಅಲ್ಲಿಗೆ ಮುಗಿಯುವುದಿಲ್ಲ. ಪ್ರಶಸ್ತಿಯಾದ ಮೇಲೆ ದತ್ತಿ ಬರುತ್ತದೆ. ಮೆಣಸಿನ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಗಾಣಕ್ಕೆ ಸೊಲ್ಲಗೆಯ ಲೆಕ್ಕದಲ್ಲಿ ಎಣ್ಣೆ ಇಷ್ಟು ಎಂದು ತಮ್ಮ ತಮ್ಮ ಸರಕಿನ ಮೇಲೆ ತಾವೇ ಹಾಕಿಕೊಂಡ ತೆರಿಗೆ. ಅದರಿಂದ ನಂದಾದೀವಿಗೆ ಉರಿಯಬೇಕು, ಅನ್ನಛತ್ರ ನಡೆಯಬೇಕು, ಮಠದಲ್ಲಿ ವಿದ್ಯಾರ್ಥಿಗಳು ಉಣ್ಣಬೇಕು, ಕೆರೆಯ ಹೂಳು ಎತ್ತಬೇಕು. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರು ನಡೆಸಬೇಕು ಎಂಬುದರ ನಿಷ್ಕರ್ಷೆಯಾದ ಮೇಲೆ ಸಾಕ್ಷಿ. ಕೊನೆಗೆ, ಈ ಧರ್ಮವನ್ನು ಅಳಿದವನಿಗೆ ಕವಿಲೆಯನ್ನು ಕೊಂದ ಪಾಪವೆಂಬ ಶಾಪ. ಇದು ಶಾಸನದ ಕಟ್ಟು.

ನಮ್ಮ ತುಳುನಾಡೂ ಇದಕ್ಕೆ ಹೊರತಲ್ಲ. ಬಾರಕೂರು, ಬಸರೂರು, ಮೂಡುಬಿದಿರೆಗಳ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು ಎಂಬ ವರ್ತಕ ಸಮೂಹಗಳ ಹೆಸರುಗಳು ಬರುತ್ತವೆ. ಕಡಲಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೂಟಕ್ಕೆ ಹಂಜಮಾನವೆಂದು ಹೆಸರು. ಪಾರಸಿಯ ಅಂಜುಮನ್ ಎಂಬ ಮಾತು ನಮ್ಮ ಕರಾವಳಿಯ ಬಾಯಲ್ಲಿ ಹಾಗಾಯಿತು. ಒಂದೇ ಪೇಟೆಯಲ್ಲಿ ಜೈನ ಸೆಟ್ಟಿಕಾರರೂ ಹಂಜಮಾನದವರೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡು ಊರಿನ ವ್ಯವಹಾರದಲ್ಲಿ ಪಾಲುಗೊಂಡಿದ್ದರು. 1430ರಲ್ಲಿ ಎದ್ದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಬೆರಗಾಗುವ ನಾವು, ಅಂಥದೊಂದು ಪಟ್ಟಣವನ್ನು ಪೋಷಿಸಿದ ಮೆಣಸು ಅಕ್ಕಿಗಳ ಹೇರುಗಳನ್ನೂ ನೆನೆಯಬೇಕು.

ಬಂದರಿನಿಂದ ಮರಳಿದ ಆ ರಾತ್ರಿ ನನಗೆ ಹೊಳೆದದ್ದಿಷ್ಟು: ಹಳೆಯ ಶಾಸನದಲ್ಲಿ ಪ್ರಶಸ್ತಿಯೂ ಇದೆ, ದತ್ತಿಯೂ ಇದೆ. ನನ್ನ ಬಿನ್ನವತ್ತಳೆಗಳಲ್ಲಿ ಪ್ರಶಸ್ತಿ ಮಾತ್ರ ಉಳಿದಿದೆ; ದತ್ತಿಯ ಭಾಗವನ್ನು ನಾನೇ ಒಡೆದುಹಾಕಿದ್ದೇನೆ. ಶಾಸನದ ಕಲ್ಲು ಮುರಿದು ಕೆಳಗಿನ ಅರ್ಧ ಹೋದರೆ ನಾವು ಮರುಗುತ್ತೇವೆ. ಇಲ್ಲಿ ಕಲ್ಲು ಇಡಿಯಾಗಿಯೇ ಇತ್ತು, ಕೆಂಪು ರಟ್ಟಿನ ಪುಸ್ತಕದ ರೂಪದಲ್ಲಿ ನನ್ನ ಮೇಜಿನ ಮೇಲೆಯೇ ಇತ್ತು.

* * *

ಮರುದಿನ ಹೋಗಿ ಆ ಪುಸ್ತಕವನ್ನು ಮತ್ತೆ ಕೇಳಿ ತಂದೆ. ಈ ಬಾರಿ ಶಾಸನವನ್ನು ಓದುವಂತೆ ಸಾಲುಸಾಲಾಗಿ ಓದಿದೆ. ಪ್ರತಿ ಲಾರಿಯ ಲೆಕ್ಕದ ಕೆಳಗೆ ಒಂದು ಚಿಕ್ಕ ಮೊತ್ತವನ್ನು ಕಳೆದು ‘ಪುಸ್ತಕದ ಬಾಬ್ತು’ ಎಂದು ಬರೆದಿತ್ತು. ಅದೇನೆಂದು ಕೇಳಿದರೆ, ಲಾರಿಯೊಂದು ಇಳಿದರೆ ಕೂಲಿಯಿಂದ ಎರಡು ರೂಪಾಯಿ ಎತ್ತಿಡುವುದೆಂದೂ, ಜೂನ್ ತಿಂಗಳಲ್ಲಿ ಆ ಹಣದಿಂದ ಸದಸ್ಯರ ಮಕ್ಕಳಿಗೆ ಪುಸ್ತಕ ಕೊಡೆಗಳನ್ನು ಕೊಳ್ಳುವುದೆಂದೂ, ಉಳಿದದ್ದರಲ್ಲಿ ಬಂದರಿನ ಕೇರಿಯ ಬೇರೆ ಮಕ್ಕಳಿಗೂ ಕೊಡುವುದೆಂದೂ ಗೊತ್ತಾಯಿತು. ಹೇರಿಗೆ ಇಷ್ಟು! ಎಂಟುನೂರು ವರ್ಷಗಳ ಹಿಂದಿನ ಮಾತು ಬಾಲ್‌ಪೆನ್ನಿನ ಬರಹದಲ್ಲಿ ನನ್ನ ಮುಂದಿತ್ತು.

ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದುದು ಇನ್ನೊಂದು. 2018ರ ಆಗಸ್ಟಿನ ಪುಟಗಳಲ್ಲಿ ಒಂದು ನಮೂದು: ಕೊಡಗಿನ ಅಕ್ಕಿ, ಮೂರು ಲಾರಿ, ಕೂಲಿ ಇಲ್ಲ. ಕೊಡಗಿನಲ್ಲಿ ಬೆಟ್ಟಗಳು ಕುಸಿದು ಊರುಗಳು ಕೊಚ್ಚಿಹೋದ ಮಳೆಗಾಲವದು. ಮಂಗಳೂರಿನಿಂದ ಪರಿಹಾರದ ಸಾಮಗ್ರಿ ಹೋಗುತ್ತಿತ್ತು. ಮತ್ತೆ 2020ರ ಏಪ್ರಿಲಿನಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅಂಥವೇ ಸಾಲುಗಳು ಒಂದರ ಕೆಳಗೊಂದು. ಅಕ್ಕಿ, ಬೇಳೆ, ಮತ್ತೆ ಅಕ್ಕಿ. ಎಲ್ಲದರ ಮುಂದೆಯೂ ಅದೇ ಎರಡು ಮಾತು: ಕೂಲಿ ಇಲ್ಲ.

ಆ ದಿನಗಳಲ್ಲಿ ಅವರ ಮನೆಗಳಲ್ಲಿಯೇ ಒಲೆ ಉರಿಯುವುದು ಕಷ್ಟವಾಗಿತ್ತೆಂದು ತರುಣನು ಅನಂತರ ಹೇಳಿದನು. ಅರ್ಜಿಯ ನಮೂನೆಯಲ್ಲಿ ‘ವೆಚ್ಚಮಾಡಿದ ಹಣ’ ಎಂಬ ಚೌಕವಿತ್ತಷ್ಟೆ. ಅದರಲ್ಲಿ ನಾನು ‘ಇಲ್ಲ’ ಎಂದು ಬರೆದಿದ್ದೆ. ಅವರು ಹಣವನ್ನು ವೆಚ್ಚಮಾಡಿರಲಿಲ್ಲ, ನಿಜ. ಪಡೆಯಬೇಕಾದ ಹಣವನ್ನು ಪಡೆದಿರಲಿಲ್ಲ. ಹಾಗೆ ಬಿಟ್ಟುಕೊಟ್ಟದ್ದನ್ನು ತುಂಬುವುದಕ್ಕೆ ಆ ಹಾಳೆಯಲ್ಲಿ ಚೌಕವಿರಲಿಲ್ಲ. ಇರಲಿಲ್ಲವೆಂದು ಹಾಳೆಯನ್ನು ದೂರುವುದಕ್ಕಿಂತ, ಅಂಚಿನಲ್ಲಿ ಒಂದು ಸಾಲು ಬರೆಯದ ನನ್ನ ಕೈಯನ್ನು ದೂರುವುದೇ ನ್ಯಾಯ.

* * *

ಸಂಘಗಳನ್ನು ಗೌರವಿಸುವ ಪದ್ಧತಿ ನಮ್ಮಲ್ಲಿ ಇಲ್ಲವೆಂದಲ್ಲ. 1966ರಲ್ಲಿ ಮೊದಲಾದ ರಾಜ್ಯೋತ್ಸವ ಪ್ರಶಸ್ತಿಯು ವ್ಯಕ್ತಿಗಳಂತೆ ಸಂಸ್ಥೆಗಳಿಗೂ ಸಲ್ಲುತ್ತ ಬಂದಿದೆ. 2021ರಲ್ಲಿ 66 ಮಂದಿ ಸಾಧಕರೊಡನೆ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ನೆನಪಿಗಾಗಿ 10 ಸಂಸ್ಥೆಗಳನ್ನು ಬೇರೆಯಾಗಿ ಆರಿಸಲಾಯಿತು. ನಮ್ಮ ಜಿಲ್ಲೆಯಲ್ಲಿ ನವೆಂಬರ್ 1ರಂದು ಕೊಡುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಸಂಘ ಸಂಸ್ಥೆಗಳಿಗೆ ಸ್ಥಾನವುಂಟು. ಆದರೆ ಒಟ್ಟಿನಲ್ಲಿ ನಮ್ಮ ಕಣ್ಣು ವ್ಯಕ್ತಿಯನ್ನು ಕಾಣುವಷ್ಟು ಸುಲಭವಾಗಿ ಸಮೂಹವನ್ನು ಕಾಣದು. ಪದ್ಮ ಪ್ರಶಸ್ತಿಗಳಂತೂ ವ್ಯಕ್ತಿಗಳಿಗೇ ಮೀಸಲು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಕೂಡಿಸಿದ ಹಣದಿಂದ ನ್ಯೂಪಡ್ಪಿನಲ್ಲಿ ಶಾಲೆಯನ್ನು ಕಟ್ಟಿಸಿದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಊರಿಗೆ ಊರೇ ಹಿಗ್ಗಿತು, ಹಿಗ್ಗಬೇಕಾದದ್ದೇ. ಆದರೆ ಅಂಥ ಕೆಲಸವನ್ನು ಒಬ್ಬ ಹಾಜಬ್ಬರ ಬದಲು ನಲುವತ್ತು ಮಂದಿ ಕೂಡಿ, ತಲೆಗೆ ಎರಡೆರಡು ರೂಪಾಯಿ ಎತ್ತಿಟ್ಟು ಮಾಡಿದರೆ ನಾವು ಯಾರ ಹೆಸರನ್ನು ಕೂಗಿ ಕರೆಯುತ್ತೇವೆ?

ಇತಿಹಾಸವೂ ಹೀಗೆಯೇ ನಡೆದುಕೊಳ್ಳುತ್ತದೆ. 1891ರಲ್ಲಿ ಕೆನರಾ ಹೈಸ್ಕೂಲನ್ನೂ 1906ರಲ್ಲಿ ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ ಕಟ್ಟಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಪ್ರಾತಃಸ್ಮರಣೀಯರು. ಅವರ ಜೊತೆಗೆ ಹೆಗಲು ಕೊಟ್ಟವರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು? ಸಹಕಾರ ಚಳವಳಿಯ ಪಿತಾಮಹರೆಂದು ಮೊಳಹಳ್ಳಿ ಶಿವರಾಯರನ್ನು ಜಿಲ್ಲೆ ನೆನೆಯುತ್ತದೆ. ಆದರೆ ಸಹಕಾರವೆಂಬುದು ಹೆಸರೇ ಹೇಳುವಂತೆ ಒಬ್ಬರಿಂದ ಆಗುವುದಲ್ಲ. 1970ರ ದಶಕದ ಆರಂಭದಲ್ಲಿ ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೋ ಬೆಳೆಗೂ ಕೊಳ್ಳುವವರಿಲ್ಲದಂತಾದಾಗ ಅದೇ ಸಂಘ ಅದನ್ನು ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಭಟ್ಟರ ದೂರದೃಷ್ಟಿ ದೊಡ್ಡದು. ಕರ್ನಾಟಕ ಕೇರಳಗಳ ಗಡಿಯ ಎರಡೂ ಬದಿಯಲ್ಲಿ ಅವರನ್ನು ನಂಬಿ ಪಾಲುಬಂಡವಾಳ ಹಾಕಿದ ಸಣ್ಣ ಹಿಡುವಳಿದಾರರ ಧೈರ್ಯವೂ ಸಣ್ಣದಲ್ಲ. ಬಂದರಿನಲ್ಲಿಯೇ 1940ರಿಂದ ಕೆನರಾ ಚೇಂಬರ್ ಆಫ್ ಕಾಮರ್ಸ್ ಎಂಬ ವರ್ತಕರ ಸಂಸ್ಥೆಯಿದೆ. ಸರಕಿನ ಒಡೆಯರಿಗೂ ಸಂಘವುಂಟು, ಸರಕನ್ನು ಹೊರುವವರಿಗೂ ಸಂಘವುಂಟು. ಪೇಟೆ ನಡೆಯುವುದಕ್ಕೆ ಎರಡೂ ಬೇಕು.

ಹೊರಗಿನ ಲೋಕದಲ್ಲಿ ಈ ಕಾಣ್ಕೆ ಒಮ್ಮೆ ಬಹಳ ಎತ್ತರದಲ್ಲಿ ಒದಗಿಬಂದಿತು. 2011ರ ಕ್ರಾಂತಿಯ ಬಳಿಕ ಟುನೀಸಿಯಾ ದೇಶವು ರಾಜಕೀಯ ಕೊಲೆಗಳಿಂದ ತತ್ತರಿಸಿ ಅಂತರ್ಯುದ್ಧದ ಅಂಚಿಗೆ ಬಂದಿದ್ದಾಗ, 2013ರಲ್ಲಿ ನಾಲ್ಕು ಸಂಸ್ಥೆಗಳು ಕೂಡಿ ಎದುರಾಳಿ ಪಕ್ಷಗಳನ್ನು ಮಾತುಕತೆಗೆ ಕೂರಿಸಿದವು. ಕಾರ್ಮಿಕರ ಒಕ್ಕೂಟ, ಕೈಗಾರಿಕೆ ವ್ಯಾಪಾರ ಕರಕುಶಲಗಳ ಒಡೆಯರ ಒಕ್ಕೂಟ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ ಇವೇ ಆ ನಾಲ್ಕು. 2014ರ ಜನವರಿಯಲ್ಲಿ ಹೊಸ ಸಂವಿಧಾನ ಅಂಗೀಕೃತವಾಯಿತು. 2015ರಲ್ಲಿ ಈ ಕೂಟಕ್ಕೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಪಾರಿತೋಷಕವು ಬಿಡಿಬಿಡಿಯಾಗಿ ನಾಲ್ವರಿಗಲ್ಲ, ಒಟ್ಟಾಗಿ ಕೂಟಕ್ಕೆ ಎಂದು ಸಮಿತಿಯು ಸ್ಪಷ್ಟಪಡಿಸಿತು. ಕೂಲಿಗಾಗಿ ಪರಸ್ಪರ ಹೋರಾಡುವ ಧಣಿಯೂ ದುಡಿಮೆಗಾರನೂ ಒಂದೇ ಮೇಜಿನ ಒಂದೇ ಬದಿಯಲ್ಲಿ ಕುಳಿತದ್ದೇ ಅಲ್ಲಿನ ಸಾಧನೆ. ಆ ದೇಶದ ಮುಂದಿನ ದಿನಗಳು ಕಷ್ಟದವೇ ಆದರೂ ಅಂದಿನ ಕೆಲಸ ಸುಳ್ಳಾಗುವುದಿಲ್ಲ. 1985ರಲ್ಲಿ ಅದೇ ಪಾರಿತೋಷಕವು ಅಣ್ವಸ್ತ್ರ ಯುದ್ಧವನ್ನು ತಡೆಯಲೆಂದು ಅಮೆರಿಕ ಸೋವಿಯೆತ್ ದೇಶಗಳ ವೈದ್ಯರು ಕೂಡಿ ಕಟ್ಟಿದ ಸಂಘಕ್ಕೆ ಸಂದಿತ್ತು. ಅಮೆರಿಕದಲ್ಲಿ ವೃತ್ತಿಸಂಘಗಳ ಲೋಕಸೇವೆಯನ್ನು ಗುರುತಿಸುವುದಕ್ಕೆಂದೇ ‘ಪವರ್ ಆಫ್ ಎ’ ಎಂಬ ಪ್ರಶಸ್ತಿಗಳಿವೆ.

ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರಲ್ಲಿ ಒಂದು ಪದ್ಧತಿಯಿತ್ತು. ಒಬ್ಬನು ಎಲ್ಲರಿಗೂ ಕೇಳಿಸುವಂತೆ ಪತ್ರಿಕೆಯನ್ನೂ ಪುಸ್ತಕವನ್ನೂ ಓದುವುದು. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ನಾವು ಅಧ್ಯಾಪಕರು ಸಂಬಳ ಪಡೆದು ಮಾಡುವ ಕೆಲಸವನ್ನು ಅವರು ತಮ್ಮ ದುಡಿಮೆಯನ್ನು ಹಂಚಿಕೊಂಡು ಮಾಡಿದರು. ಇದಕ್ಕೆ ಯಾವ ಬಿನ್ನವತ್ತಳೆಯನ್ನು ಬರೆಯೋಣ? ಈಗ ಹೇಳಿದ ಎರಡು ವಾಕ್ಯಗಳೇ ಸಾಕಲ್ಲವೆ?

* * *

ಪ್ರಶಸ್ತಿಗಳನ್ನು ಕೊಡುವ ಹಿರಿಯರ ಮುಂದೆ ನನ್ನ ಬಿನ್ನಹಗಳು ನಾಲ್ಕು. ದುಡಿಯುವವರ ಸಂಘಗಳು ತಮ್ಮನ್ನು ತಾವೇ ಹೊಗಳಿಕೊಂಡು ಬರಲೆಂದು ಕಾಯಬಾರದು. ಬಲ್ಲವರು ಹೋಗಿ ನೋಡಿ ಬರಬೇಕು. ವ್ಯಕ್ತಿಗಳ ವಿಷಯದಲ್ಲಿ ಸಾರ್ವಜನಿಕರೇ ಹೆಸರು ಸೂಚಿಸುವ ಪದ್ಧತಿ ಈಚೆಗೆ ಬಂದಿರುವುದು ಒಳ್ಳೆಯ ತೊಡಗು. ಸಂಘಗಳಿಗೂ ಅದು ಬಲವಾಗಿ ಒದಗಬೇಕು. ಎರಡನೆಯದಾಗಿ, ಪತ್ರಿಕೆಯ ತುಣುಕನ್ನು ಕೇಳುವಂತೆ ಲೆಕ್ಕದ ಪುಸ್ತಕವನ್ನೂ ಕೇಳಬೇಕು. ಮೂರನೆಯದಾಗಿ, ವೇದಿಕೆಗೆ ಅಧ್ಯಕ್ಷ ಕಾರ್ಯದರ್ಶಿಗಳನ್ನಷ್ಟೇ ಕರೆಯದೆ, ಆಗುವುದಾದರೆ ಎಲ್ಲರನ್ನೂ ನಿಲ್ಲಿಸಬೇಕು. ಆಗದಿದ್ದರೆ ಎಲ್ಲರ ಹೆಸರನ್ನಾದರೂ ಓದಬೇಕು. ಹೊತ್ತು ಹಿಡಿಯುತ್ತದೆಂದರೆ ಭಾಷಣಗಳಲ್ಲಿ ಒಂದನ್ನು ಕಡಮೆ ಮಾಡಬಹುದು. ಕೊನೆಯದು ನನ್ನಂಥ ಬರೆಯುವವರಿಗೆ ಸಲ್ಲುವ ಮಾತು. ಬಿನ್ನವತ್ತಳೆಯಲ್ಲಿ ಒಂದು ಬಿರುದನ್ನು ಬರೆದರೆ ಅದರ ಕೆಳಗೆ ಒಂದು ದತ್ತಿಯನ್ನು ಬರೆಯಬೇಕು. ದತ್ತಿ ಸಿಗದಿದ್ದರೆ ಬಿರುದನ್ನೂ ಹೊಡೆದುಹಾಕಬೇಕು.

ಇಷ್ಟೆಲ್ಲ ಆದ ಮೇಲೆ, ಮುಂದಿನ ವರ್ಷ ಸರಿಯಾದ ಅರ್ಜಿಯನ್ನು ಬರೆದುಕೊಡುವೆನೆಂದು ಹಿರಿಯರಿಗೆ ಹೇಳಿದೆ. ಅವರು ಒಪ್ಪಲಿಲ್ಲ. “ಅದು ಬೇಡ ಮಾಸ್ಟ್ರೇ. ಒಮ್ಮೆ ಹಾಕಿ ಆಯಿತಲ್ಲ. ಬೇಕಾದವರು ಬಂದು ಕೇಳಲಿ, ಹೇಳುವ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಪುಸ್ತಕ ತುಂಬಿತೆಂದೂ ಹೊಸತನ್ನು ತಂದಿರುವರೆಂದೂ ಹೇಳಿ, ಅದರ ಮೊದಲ ಪುಟದಲ್ಲಿ ಏನಾದರೂ ಬರೆದುಕೊಡಬೇಕೆಂದು ಕೇಳಿದರು.

ನಾನು ತಾರೀಕನ್ನು ಬರೆದೆ. ಸಂಘದ ಹೆಸರನ್ನು ಬರೆದೆ. ಸದಸ್ಯರ ಹೆಸರುಗಳನ್ನು ತರುಣನು ಹೇಳುತ್ತ ಹೋದಂತೆ ಒಂದೊಂದಾಗಿ ಬರೆದೆ. ಅದರ ಕೆಳಗೆ, ಲಾರಿಯೊಂದಕ್ಕೆ ಎರಡು ರೂಪಾಯಿ, ಪುಸ್ತಕದ ಬಾಬ್ತು ಎಂದು ಬರೆದೆ. ತರುಣನು ಅದನ್ನು ಗಟ್ಟಿಯಾಗಿ ಓದಿದನು. ಹಿರಿಯರು ಕೇಳಿ, “ಈ ವರ್ಷದಿಂದ ಮೂರು ಮಾಡುವ ಅಂತ ಉಂಟು, ಮಾಸ್ಟ್ರೇ. ಪುಸ್ತಕಕ್ಕೆ ರೇಟು ಜಾಸ್ತಿ ಆಗಿದೆ,” ಎಂದರು. ಎರಡನ್ನು ಹೊಡೆದು ಮೂರೆಂದು ತಿದ್ದಿದೆ.